ಹೇಳಿದರೆ ಮುಚ್ಚುವ ಬಾಗಿಲು

ಮಾನ್ಯ ಅಧ್ಯಕ್ಷರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಲೈಬ್ರರಿಯನ್ ಮೇಡಂ ಅವರೇ, ವೇದಿಕೆಯ ಮೇಲಿನ ಹಿರಿಯರೇ, ಮುಂದಿನ ಕುರ್ಚಿಗಳನ್ನು ಖಾಲಿ ಬಿಟ್ಟು ಹಿಂದಿನ ಗೋಡೆಗೆ ಒರಗಿ ನಿಂತಿರುವ ಪ್ರೀತಿಯ ಸಭಿಕರೇ,

ನನಗೆ ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ. ಯಾರೂ ಕೇಳಲಿಲ್ಲ, ನಿಜ. ತರಕಾರಿ ಅಂಗಡಿಯವರೂ ಕೇಳಿರಲಿಲ್ಲ, ಅವರಿಗೂ ಹೇಳಿದ್ದೇನೆ. ಮೂರನೆಯ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿರುವವರೇ ನನ್ನ ಯಜಮಾನರು. ಎಷ್ಟು ಚೆನ್ನಾಗಿದ್ದಾರೆ, ಅಲ್ಲವೇ? ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. "ಅಲ್ಪಪ್ರಾಣ, ಮಹಾಪ್ರಾಣ ನೋಡ್ಕೊಂಡು ಮಾತಾಡು, ನನ್ನ ಪ್ರಾಣ ತೆಗೀಬೇಡ" ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಾರೆ. ತಪ್ಪಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನಗೆ ಕೊಟ್ಟಿರುವ ವಿಷಯ, ಹರೆಯದವರಿಗೆ ಅರ್ಬನ್ ಫ್ಯಾಂಟಸಿ ಕಾದಂಬರಿಗಳೆಂದರೆ ಅಷ್ಟೇಕೆ ಹುಚ್ಚು ಎಂಬುದು. ಅಜ್ಜಿಯ ಕಥೆಗಳಲ್ಲಿ ಅದ್ಭುತವನ್ನು ನೋಡಲು ಏಳು ಸಮುದ್ರ ದಾಟಬೇಕಿತ್ತು. ಇವುಗಳಲ್ಲಿ ಬೇಕಿಲ್ಲ. ಅದೇ ಬಸ್ ಸ್ಟಾಪು, ಅದೇ ಮೀಟರ್ ಪೆಟ್ಟಿಗೆ, ಅದೇ ಲಿಫ್ಟು. ಆದರೆ ಆ ಲಿಫ್ಟಿನಲ್ಲಿ ಇಲ್ಲದ ಮಹಡಿಗೆ ಒಂದು ಗುಂಡಿ. ಒತ್ತಿದರೆ ನಿಮ್ಮ ಊರೊಳಗೇ ಇನ್ನೊಂದು ಊರು. ಮನೆಯಲ್ಲಿ ಯಾರಿಗೂ ಬೇಡವಾದ ಹುಡುಗಿ ಅಲ್ಲಿ ಎಲ್ಲರಿಗೂ ಬೇಕಾದವಳು. ಹದಿನೇಳರ ವಯಸ್ಸಿಗೆ ಇನ್ನೇನು ಬೇಕು? ಮತ್ತೆ, ನಾವು ಓದಿದ ಪುಸ್ತಕಗಳಲ್ಲೆಲ್ಲ ಒಂದು ಕಟ್ಟಳೆ ಇರುತ್ತಿತ್ತು. ದೊಡ್ಡವರಿಗೆ ಹೇಳಿದರೆ ಬಾಗಿಲು ಮುಚ್ಚಿಹೋಗುತ್ತದೆ.

ನಾವು ಎಂದರೆ ನಾನು ಮತ್ತು ಅಕ್ಕ. ಇದೇ ಲೈಬ್ರರಿಯಲ್ಲಿ, ಕಿಟಕಿ ಪಕ್ಕದ ಆ ಕಪಾಟಿನ ಕೆಳಗೆ ಕೂತು ಒಂದೇ ಪುಸ್ತಕವನ್ನು ಇಬ್ಬರೂ ಓದುತ್ತಿದ್ದೆವು. ಅವಳು ಪುಟ ಮುಗಿಸಿ ನನಗಾಗಿ ಕಾಯುತ್ತಿದ್ದಳು. "ಆಯ್ತೇನೇ ಆಮೆ?" ಎನ್ನುತ್ತಿದ್ದಳು. ಜೋರಾಗಿ ನಕ್ಕರೆ ಮೇಡಂ "ಶ್ಶ್" ಎನ್ನುತ್ತಿದ್ದರು. ಅದಕ್ಕೇ ಮೇಡಂ, ನಿಮಗೆ ಶ್ಶ್ ಮೇಡಂ ಎಂದು ಹೆಸರಿಟ್ಟಿದ್ದೆವು. ಇಂದಾದರೂ ಗೊತ್ತಿರಲಿ.

ಮನೆಯಲ್ಲಿ ನಗುವುದಕ್ಕೆ ಜಾಗವಿರಲಿಲ್ಲ. ಅಪ್ಪನಿಗೆ ಮಾತಿಗಿಂತ ಮುಂಚೆ ಕೈ ಏಳುತ್ತಿತ್ತು. ಏಳುತ್ತಿದ್ದುದು ಹೆಚ್ಚಾಗಿ ಅಕ್ಕನ ಮೇಲೆ. ಅಪ್ಪ ಈಗಿಲ್ಲ. ಇದನ್ನು ಹೇಳಬೇಕೆಂದುಕೊಂಡಿರಲಿಲ್ಲ. ಚೀಟಿಯಲ್ಲಿ ಬರೆದುಕೊಂಡೂ ಇಲ್ಲ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಒಂದು ಮಧ್ಯಾಹ್ನ, ಮೆಟ್ಟಿಲ ಮೇಲೆ ಅಕ್ಕ ಚೀಲ ಹಿಡಿದು ನಿಂತಿದ್ದಳು. "ಆಮೆ, ನಾನು ಇಲ್ಲದ ಮಹಡಿಗೆ ಹೋಗ್ತಿದ್ದೀನಿ. ಯಾರಿಗಾದ್ರೂ ಹೇಳಿದ್ರೆ ಏನಾಗತ್ತೆ?"

"ಬಾಗಿಲು ಮುಚ್ಚತ್ತೆ."

"ಜಾಣೆ."

ಅವಳು ಬಂದರಿನ ಬಸ್ಸು ಹತ್ತಿದ್ದನ್ನು ಬಾಲ್ಕನಿಯಿಂದ ನೋಡಿದೆ. ಅಮ್ಮ ಕೇಳಿದಳು, ಪೊಲೀಸರು ಕೇಳಿದರು. ಗೊತ್ತಿಲ್ಲ ಎಂದೆ. ಎಂಟು ದಿನ ಗೊತ್ತಿಲ್ಲ ಎಂದೆ. ಅವಳ ಬಾಗಿಲನ್ನು ನಾನೇ ಕೈಯಾರೆ ತೆರೆದು ಹಿಡಿದಿದ್ದೇನೆ ಎಂದುಕೊಂಡಿದ್ದೆ.

ಒಂಬತ್ತನೆಯ ದಿನ ಅದೇ ಕಪಾಟಿನ ಕೆಳಗೆ ಈ ಮೇಡಂ ನನ್ನ ಪಕ್ಕ ನೆಲದ ಮೇಲೆ ಬಂದು ಕೂತರು. ಅಕ್ಕನ ಸುದ್ದಿ ಎತ್ತಲಿಲ್ಲ. "ಕಥೆ ಎಲ್ಲಿಗೆ ಬಂತು?" ಎಂದರು.

"ಅವಳು ಒಳಗೆ ಹೋಗಿಯಾಯ್ತು ಮೇಡಂ. ಆದ್ರೆ ದೊಡ್ಡವ್ರಿಗೆ ಹೇಳೋ ಹಾಗಿಲ್ಲ."

"ನನಗೆ ಹೇಳು. ನಾನು ದೊಡ್ಡವಳಲ್ಲ, ಲೈಬ್ರರಿಯನ್."

ಹೇಳಿದೆ. ಅಂದು ಲೈಬ್ರರಿಯನ್ನು ಅರ್ಧ ದಿನಕ್ಕೇ ಮುಚ್ಚಿ ಮೇಡಂ ಪೊಲೀಸ್ ಠಾಣೆಗೆ ಓಡಿದರು. ಅಕ್ಕ ಬಸ್ಸು ಹತ್ತಿದ್ದನ್ನು ತಾವೇ ಕಂಡಿದ್ದಾಗಿಯೂ, ಹೇಳಬೇಕೆಂದು ಆಗ ಹೊಳೆಯಲಿಲ್ಲವೆಂದೂ ಬರೆಸಿದರು. ನನ್ನ ಹೆಸರು ಹೇಳಿದ್ದರೆ ಅಪ್ಪನ ಕೈ ಯಾರ ಮೇಲೆ ಏಳುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಬಂದರಿನ ಟಿಕೆಟ್ ಕಿಟಕಿಯವನು "ಹೋದ ವಾರವೇ ಕೇಳಿದ್ರೆ ನೆನಪಿರ್ತಿತ್ತು" ಎಂದನಂತೆ.

ಹನ್ನೊಂದು ವರ್ಷವಾಯಿತು. ಅಕ್ಕ ಬರಲಿಲ್ಲ.

"ಕಣ್ಣಾರೆ ನೋಡಿ ಎಂಟು ದಿನ ಬಾಯಿ ಬಿಡ್ಲಿಲ್ಲವಲ್ಲ, ಅವಳೂ ಒಬ್ಬ ಹೆಂಗಸಾ?" ಎಂದು ಮೇಡಂ ಬಗ್ಗೆ ಅಂದು ಹೇಳಿದ ಅಮ್ಮ, ಅವರು ಎದುರು ಬಂದರೆ ಇಂದಿಗೂ ರಸ್ತೆ ದಾಟುತ್ತಾಳೆ. ಮೇಡಂ ಒಮ್ಮೆಯೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಮೊದಲು ಅಪ್ಪನ ಹೆದರಿಕೆ. ಆಮೇಲೆ, ಅಮ್ಮಾ, ನಿನ್ನ ಹೆದರಿಕೆ.

ಹೌದು, ನನ್ನ ತಾಯಿ ಇಲ್ಲೇ ಇದ್ದಾರೆ, ಕೊನೆಯ ಸಾಲಿನಲ್ಲಿ. ಮಗಳ ಭಾಷಣ ಮುಗಿದ ತಕ್ಷಣ ಹೊರಡುತ್ತೇನೆಂಬ ಷರತ್ತಿನ ಮೇಲೆ ಬಂದಿದ್ದಾರೆ. ಅಮ್ಮಾ, ಆ ಎಂಟು ದಿನ ನನ್ನದು. ಮೇಡಂದು ಒಂದು ಗಂಟೆಯೂ ಅಲ್ಲ.

ರೀ, ವಿಡಿಯೋ ನಿಲ್ಲಿಸಿ.

ವಿಷಯಕ್ಕೆ ಬರುತ್ತೇನೆ. ಆ ಕಾದಂಬರಿಗಳು ಕೆಟ್ಟವೇ? ಅಲ್ಲ. ಮನೆಯಲ್ಲಿ ಉಸಿರಾಡಲು ಆಗದವಳಿಗೆ ಅವು ಒಂದು ಕಿಟಕಿ ಕೊಟ್ಟವು. ಇವತ್ತೂ ಓದುತ್ತೇನೆ. ಆ ಒಂದು ಕಟ್ಟಳೆಯನ್ನು ಮಾತ್ರ ನಂಬುವುದಿಲ್ಲ. ಆ ಕಪಾಟಿನ ಕೆಳಗೆ ಕೂತಿರುವ ಮಕ್ಕಳೇ, ಹೇಳಿಬಿಡಿ. ದೊಡ್ಡವರು ಸಿಗದಿದ್ದರೆ ಲೈಬ್ರರಿಯನ್‌ಗೆ ಹೇಳಿ.

ಮೇಡಂ, ತಪ್ಪಾಯಿತು. ಈ ಮಾತು ಹೇಳಲು ನೀವು ನಿವೃತ್ತರಾಗುವವರೆಗೆ ಕಾಯಿಸಿದೆ. ಆಮೆಯೇ ಸರಿ.

ಅಮ್ಮ ಎದ್ದು ನಿಂತಿದ್ದಾಳೆ. ಹೊರಗೆ ಹೊರಟಳೋ, ಇತ್ತ ಬರುತ್ತಾಳೋ ಇಲ್ಲಿಂದ ತಿಳಿಯುತ್ತಿಲ್ಲ. ಹಿಂದೆ ನಿಂತಿರುವ ಅಣ್ಣಂದಿರೇ, ಗಾಳಿ ಬರುತ್ತದೆಂದು ಆ ಬಾಗಿಲನ್ನು ಮುಚ್ಚುತ್ತಿದ್ದೀರಲ್ಲ, ದಯವಿಟ್ಟು ಮುಚ್ಚಬೇಡಿ. ನಾನು ಹೇಳಿಯಾಗಿದೆ. ಅದು ತೆರೆದೇ ಇರಲಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ನಮಸ್ಕಾರ.