ಅವ್ವನನ್ನು ಒಲೆಗಿಟ್ಟವಳು

ಕೂತ್ಕೊಳ್ಳಿ. ಹತ್ತಿರ ಬನ್ನಿ. ನನ್ನ ದನಿ ದೊಡ್ಡದಲ್ಲ. ಹೂಂ ಅನ್ನೋರು ಒಬ್ಬರಾದರೂ ಇರಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತೆ.

ಒಂದು ಸೀಮೆ. ಆ ಸೀಮೇಲಿ ಒಂದು ಊರು. ಊರ ಹೆಸರು ನನಗೆ ಹೇಳಿದೋರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುತ್ತ ಕರೀ ಬಂಡೆ. ಬಂಡೆಗಳ ನಡುವೆ ಒಂದು ಬಾವಿ. ಯಾರು ತೋಡಿದರೋ ಗೊತ್ತಿಲ್ಲ. ಎಷ್ಟು ಆಳವೋ ಗೊತ್ತಿಲ್ಲ. ನೀರು ಎಲ್ಲಿಂದ ಬರುತ್ತೋ ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕೈ ಮುಗಿದರು. ಅವ್ವ ಅಂದರು. ಅವ್ವನ ಬಾವಿ.

ಆ ಊರಲ್ಲಿ ನೀರು ಎರಡು. ಒಂದು ಹಳ್ಳದ ನೀರು. ಅಡಿಗೆಗೆ ಅದೇ, ಬಟ್ಟೆಗೆ ಅದೇ, ದನಕ್ಕೆ ಅದೇ. ಇನ್ನೊಂದು ಅವ್ವನ ನೀರು. ಅದು ಕುಡಿಯೋದಕ್ಕೆ ಮಾತ್ರ. ಸೇದಿದ ಹಾಗೇ ಕುಡೀಬೇಕು, ತಣ್ಣಗೆ. ಅವ್ವನ ನೀರನ್ನ ಒಲೆ ಮೇಲೆ ಇಡೋ ಹಾಗಿಲ್ಲ. ಯಾಕೆ? ಹೆತ್ತ ತಾಯಿಯನ್ನ ಯಾರಾದರೂ ಬೆಂಕಿ ಮೇಲೆ ಕೂರಿಸ್ತಾರಾ? ನೀವೇ ಹೇಳಿ.

ಆ ಊರಿನೋರು ಕೃತಘ್ನರಲ್ಲ. ಅವ್ವನಿಂದ ತಗೊಂಡಿದ್ದಕ್ಕೆ ಅವ್ವನಿಗೆ ಕೊಡ್ತಿದ್ದರು. ಹಸು ಕರು ಹಾಕಿತಾ? ಗಿಣ್ಣದ ಹಾಲು ಮೊದಲು ಬಾವಿಗೆ. ಮದುವೆ ಆಯಿತಾ? ತೆಂಗಿನಕಾಯಿ, ಹೂವು, ತುಪ್ಪ ಬಾವಿಗೆ. ಮುತ್ತೈದೆ ಸತ್ತಳಾ? ಅವಳ ಕುಂಕುಮದ ಭರಣಿ ಬಾವಿಗೆ. ಗಂಡನೇ ತಂದು, ಗಂಡನೇ ಬಿಡಬೇಕು. ಅವ್ವನ ಮಡಿಲಿಗೆ ಸೇರಿದಳು ಅಂತ.

ಎಷ್ಟು ತಲೆಮಾರು ಕೊಟ್ಟರು? ಲೆಕ್ಕ ಇಟ್ಟೋರಿಲ್ಲ. ಹಾಕಿದ್ದು ಏನಾಯಿತು ಅಂತ ಇಳಿದು ನೋಡಿದರಾ? ಇಲ್ಲ. ಅವ್ವನ ಮೈಮೇಲೆ ಕಾಲು ಇಡೋದುಂಟಾ?

ಹೀಗಿರುವಾಗ ನೀರು ಬದಲಾಯಿತು. ಮೊದಲು ಬಣ್ಣ ಹೋಯಿತು. ಆಮೇಲೆ ರುಚಿ ಹೋಯಿತು. ಆಮೇಲೆ ಮಕ್ಕಳು ಹೋದವು.

ವಾಂತಿ. ಭೇದಿ. ಕಣ್ಣು ಒಳಕ್ಕೆ ಇಳಿಯೋದು. ಬೆಳಿಗ್ಗೆ ಆಡ್ತಿದ್ದ ಮಗು ಮಾರನೇ ಬೆಳಿಗ್ಗೆ ಇರ್ತಿರಲಿಲ್ಲ. ಒಂದು ಮನೆಯ ತೊಟ್ಟಿಲು ಅಟ್ಟ ಸೇರಿತು. ಪಕ್ಕದ ಮನೆಯದೂ ಸೇರಿತು. ಅದರ ಪಕ್ಕದ್ದೂ.

ಊರು ಏನು ಮಾಡಿತು? ಅವ್ವ ಮುನಿದಳು ಅಂದಿತು. ಒಂದು ಕಾಯಿ ಹಾಕೋರು ಹತ್ತು ಹಾಕಿದರು. ಒಂದು ಚೊಂಬು ಹಾಲು ಸುರಿಯೋರು ಕೊಡಗಟ್ಟಲೆ ಸುರಿದರು. ನೀರು ಇನ್ನೂ ಕೆಟ್ಟಿತು. ಇನ್ನೂ ಸುರಿದರು.

ಬಾವಿಗೆ ದೀಪ ಹಚ್ಚೋನು ಓಬಯ್ಯ ಅಂತ. ಊರಿಗೆ ಹಿರಿಯ. ಅವನ ಮಾತು ಕಡಿಮೆ, ಆಡಿದ್ದು ನಡೀತಿತ್ತು. ಆ ಸಲದ ಮಳೆಗಾಲದಲ್ಲಿ ಅವನ ಹೆಂಡತಿ ತಿಪ್ಪಮ್ಮನಿಗೂ ಅದೇ ಆಯಿತು. ಒಂದು ಹಗಲು, ಒಂದು ರಾತ್ರಿ. ನೀರು ನೀರು ಅಂದಳು. ಓಬಯ್ಯ ಬಾವಿಗೆ ಹೋಗಿ ಸೇದಿ ತಂದ. ತಲೆಯನ್ನ ತೊಡೆ ಮೇಲೆ ಇಟ್ಕೊಂಡು ಗುಟುಕು ಗುಟುಕಾಗಿ ಬಿಟ್ಟ. ಕಡೇ ಗುಟುಕು ಒಳಗೆ ಹೋಗಲಿಲ್ಲ, ಕೆನ್ನೆ ಮೇಲೆ ಹರೀತು.

ಅವಳ ಭರಣಿಯನ್ನ ಅವನೇ ಬಾವಿಗೆ ಬಿಟ್ಟ. ಹಿತ್ತಾಳೆ ಭರಣಿ, ಮುಚ್ಚಳದ ಮೇಲೆ ಗಿಳಿ. ಅದು ಮುಳುಗಿದ ಸದ್ದು ಕೇಳಿಸೋ ತನಕ ನಿಂತಿದ್ದ. ಆಮೇಲೆ ಮನೆಗೆ ಬಂದ. ಮನೇಲಿ ಒಲೆ ಹಚ್ಚೋರಿರಲಿಲ್ಲ.

ಹೂಂ ಅನ್ನಿ.

ಇನ್ನು ಕೆಂಚವ್ವನ ಮಾತು. ಬೇರೆ ಸೀಮೆಯಿಂದ ಬಂದ ಸೊಸೆ. ಅವಳಪ್ಪ ಬಾವಿ ತೋಡೋನು. ಚಿತ್ತಯ್ಯ ಅನ್ನೋನಿಗೆ ಕೊಟ್ಟಿದ್ದರು. ಚಿತ್ತಯ್ಯ ಒಳ್ಳೇನು, ಬಾಯಿಲ್ಲದೋನು. ಅತ್ತೆ ಮಾರಜ್ಜಿ. ಅವಳಿಗೆ ಇಬ್ಬರ ಬಾಯಿ ಇತ್ತು.

ಕೆಂಚವ್ವನಿಗೆ ಒಂದು ಹೆಣ್ಣು ಕೂಸು. ಅದೇ ತಾನೇ ಗೋಡೆ ಹಿಡಿದು ನಿಲ್ಲೋದು ಕಲ್ತಿತ್ತು. ಮಳೆಗಾಲ ಕಳೆದು, ಬೇಸಿಗೆ ಹಿಡಿದು, ಬಾವಿ ನೀರು ತಳ ಹಿಡಿದಾಗ ಆ ಕೂಸಿಗೂ ಭೇದಿ ಹತ್ತಿತು. ಊರೋರು ಬಂದು ನೋಡಿದರು. ತೊಟ್ಟಿಲು ನೋಡಿದರು, ಹೋದರು.

ಕೆಂಚವ್ವ ಏನು ಮಾಡಿದಳು? ಅವರಮ್ಮ ಮಾಡ್ತಿದ್ದದ್ದನ್ನ ಮಾಡಿದಳು. ಅವ್ವನ ನೀರನ್ನ ಬಟ್ಟೇಲಿ ಸೋಸಿದಳು. ಗಡಿಗೆಗೆ ಹಾಕಿದಳು. ಒಲೆ ಮೇಲೆ ಇಟ್ಟಳು. ಕೊತಕೊತ ಕುದಿಸಿದಳು. ಮುಚ್ಚಿ ಆರಿಸಿ, ಚಿಟಿಕೆ ಉಪ್ಪು, ಚೂರು ಬೆಲ್ಲ ಹಾಕಿ, ಕೂಸಿಗೆ ಹಾಲು ಕುಡಿಸೋ ಒಳಲೇಲಿ ಗುಟುಕು ಗುಟುಕು ಬಿಟ್ಟಳು.

ಹೊಗೆ ಸುಮ್ಮನಿರುತ್ತಾ? ಅಡಿಗೆ ಮುಗಿದ ಹೊತ್ತಲ್ಲಿ ಮಾಡಿನ ಮೇಲೆ ಹೊಗೆ ಕಂಡು ಮಾರಜ್ಜಿ ಒಳಗೆ ಬಂದಳು.

"ಏನೇ ಅದು?"

"ನೀರು, ಅತ್ತೆ."

"ಎಲ್ಲೀದು?"

ಕೆಂಚವ್ವ ಸೌದೆ ಒಳಕ್ಕೆ ತಳ್ಳಿದಳು.

"ಹಳ್ಳದ್ದು ಅನ್ನೇ. ಸುಳ್ಳಾದರೂ ಅನ್ನೇ."

"ಬಾವೀದು, ಅತ್ತೆ."

ಮಾರಜ್ಜಿ ಹೊಸಲಿನ ಮೇಲೆ ಕೂತಳು. "ನಿಮ್ಮಪ್ಪನ ಮನೇಲಿ ತಾಯೀನ ಬೇಯಿಸಿ ಕುಡೀತಾರೇನೇ?"

"ತಾಯಿಗೆ ಕಾಯಿಲೆ ಆದರೆ ಕಾವು ಕೊಡ್ತಾರೆ ಅತ್ತೆ. ಅವ್ವನಿಗೆ ಕಾಯಿಲೆ. ಅದಕ್ಕೇ ಕಾವು ಕೊಟ್ಟೆ."

ಕೂಸು ಮೂರನೇ ದಿನಕ್ಕೆ ಕಣ್ಣು ಬಿಟ್ಟಿತು. ಗೋಡೆ ಹಿಡೀತು. ಮಾರಜ್ಜಿ ಅದನ್ನ ಎತ್ತಿಕೊಂಡು ಅತ್ತಳು. ಅಳೋವಾಗ ಬಾಯಿ ತೆರೆಯಿತು, ಬಾಯಿ ತೆರೆದಾಗ ಮಾತೂ ಬಂತು, ಗೋಡೆಯಾಚೆ ಕಿವಿ ಇತ್ತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

"ಇವತ್ತು ಅವ್ವನ್ನ ಕುದಿಸಿದಳು. ನಾಳೆ ಒಗ್ಗರಣೆ ಹಾಕ್ತಾಳೆ," ಅಂದ ಒಬ್ಬ.

ನಗೋರು ನಕ್ಕರು. ಮಕ್ಕಳನ್ನ ಕಳ್ಕೊಂಡೋರು ನಗಲಿಲ್ಲ. ಇವಳ ಪಾಪಕ್ಕೆ ನಮ್ಮ ಮಕ್ಕಳು ಹೋದವು ಅಂದರು. ಕೆಂಚವ್ವ ಒಲೆ ಹಚ್ಚೋದಕ್ಕೆ ಮುಂಚೇನೇ ಮಕ್ಕಳು ಹೋಗಿದ್ದವು. ಅದನ್ನ ಯಾರೂ ಯೋಚಿಸಲಿಲ್ಲ. ದುಃಖ ಹಿಂದುಮುಂದು ನೋಡುತ್ತಾ?

ಓಬಯ್ಯನ ಮುಂದೆ ನಿಲ್ಲಿಸಿದರು.

"ಅವ್ವನ ನೀರಲ್ಲಿ ತಪ್ಪಿಲ್ಲ," ಅಂದ. "ತಪ್ಪಿದೆ ಅಂದೋರು ನನ್ನ ಮುಂದೆ ನಿಲ್ಲಬೇಡಿ."

ಯಾಕೆ ಹಾಗಂದ, ಹೇಳಿ ನೋಡೋಣ. ನೀರಲ್ಲಿ ತಪ್ಪಿದ್ದರೆ ಅವನು ತಿಪ್ಪಮ್ಮನ ಬಾಯಿಗೆ ಬಿಟ್ಟದ್ದೇನು?

"ನಾಳೆ ಕೂಸನ್ನ ಬಾವಿ ಕಟ್ಟೆಗೆ ತಾ," ಅಂದ. "ಊರ ಮುಂದೆ ಹಸೀ ನೀರು ಕುಡಿಸು, ಒಂದು ಚೊಂಬು. ಅವ್ವ ಉಳಿಸಿದರೆ ನಿನ್ನ ತಪ್ಪು ಮಾಫಿ."

ಆಗ ತಾನೇ ಸಾವಿನ ಬಾಗಿಲಿಂದ ಬಂದ ಕೂಸು. ಒಂದು ಚೊಂಬು ಆ ನೀರು. ಅಲ್ಲಿದ್ದ ಹೆಂಗಸರೆಲ್ಲ ತಲೆ ತಗ್ಗಿಸಿದರು. ಚಿತ್ತಯ್ಯ ಒಂದು ಹೆಜ್ಜೆ ಮುಂದಿಟ್ಟ, ಮತ್ತೆ ಹಿಂದಿಟ್ಟ.

ಕೆಂಚವ್ವ ಅಳಲಿಲ್ಲ. "ಆಗಲಿ ಮಾವ," ಅಂದಳು. "ಆದರೆ ಮೊದಲು ಅವ್ವನ್ನೇ ಒಂದು ಮಾತು ಕೇಳ್ತೀನಿ. ಬಾವಿಗೆ ಇಳೀತೀನಿ."

"ಅವ್ವನ ಎದೆ ಮೇಲೆ ಕಾಲಿಡ್ತೀಯಾ?"

"ನನ್ನ ಕೂಸು ದಿನಾ ನನ್ನ ಎದೆ ಮೇಲೆ ಕಾಲಿಡುತ್ತೆ ಮಾವ. ನಾನೇನು ಮುನಿಸ್ಕೊಂಡಿದೀನಾ?"

ಓಬಯ್ಯ ಬೇಡ ಅನ್ನಲಿಲ್ಲ, ಅದನ್ನೇ ಒಪ್ಪಿಗೆ ಅಂತ ಊರು ತಿಳೀತು.

ಮಾರನೇ ದಿನ ಬೆಳಿಗ್ಗೆ ಊರೆಲ್ಲ ಬಾವಿ ಸುತ್ತ. ಸೇದಿ ಸೇದಿ ನೀರು ಮೊಣಕಾಲು ಮಟ್ಟಕ್ಕೆ ತಂದರು. ಕೂಸು ಮಾರಜ್ಜಿ ಕಂಕುಳಲ್ಲಿ. ಕಟ್ಟೆ ಮೇಲೆ ಒಂದು ಚೊಂಬು, ತುಂಬಿದ್ದು.

ಕೆಂಚವ್ವ ಒಂದು ಹಣತೆ ಹಚ್ಚಿದಳು. ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟಳು. ಅರ್ಧ ಹೋದಮೇಲೆ ದೀಪ ಆರಿತು. ಗಾಳಿ ಇಲ್ಲ, ಏನಿಲ್ಲ. ಸುಮ್ಮನೆ ಆರಿತು. ಜನ ಹಿಂದಕ್ಕೆ ಸರಿದರು.

"ಅವ್ವ ಬೇಡ ಅಂತಾಳೆ," ಅಂದ ಓಬಯ್ಯ.

"ಈಗಲೇ ಬೇಡ ಅಂತಾಳೆ ಮಾವ. ದೀಪ ಬದುಕದ ಕಡೆ ಮನುಷ್ಯರೂ ಬದುಕಲ್ಲ, ಅದಕ್ಕೇ ತಡೀತಾಳೆ. ಕೆಟ್ಟ ಗಾಳಿ ಕೂತಿದೆ." ಬೇವಿನ ಕೊಂಬೆಗಳ ಕಟ್ಟು ಮಾಡಿಸಿದಳು. ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸಿದರು. ಎರಡನೇ ಹಣತೆ ಬಿಟ್ಟಳು. ತಳದ ತನಕ ಹೋಯಿತು, ನೀಲಿಯಾಯಿತು, ಮುದುರಿತು, ಆರಿತು. ಮತ್ತೆ ಕೊಂಬೆ ಆಡಿಸಿದರು. ತೋಳು ಸೋತೋವು. ಮೂರನೇ ಹಣತೆ ಬಿಟ್ಟಳು.

ಮೂರನೇದು ಆರಲಿಲ್ಲ. ತಳದಲ್ಲಿ, ಕಪ್ಪು ನೀರಿನ ಮೇಲೆ, ನೆಟ್ಟಗೆ ನಿಂತು ಉರೀತು. ಜನಕ್ಕೆ ಮೊದಲ ಸಲ ಬಾವಿಯ ಒಡಲು ಕಾಣಿಸಿತು. ಯಾರೋ ಕೈ ಮುಗಿದರು.

"ಈಗ ಕರೆದಳು," ಅಂದಳು ಕೆಂಚವ್ವ. ಸೆರಗು ಬಿಗಿದಳು. ಹಗ್ಗ ಹಿಡಿದೋನು ಚಿತ್ತಯ್ಯ. ಹಗ್ಗವನ್ನ ಸೊಂಟಕ್ಕೆ ಎರಡು ಸುತ್ತು ಸುತ್ಕೊಂಡ. ಅಷ್ಟು ಸಾಕಲ್ಲವಾ ಒಬ್ಬ ಗಂಡನಿಗೆ?

ಮೊದಲ ಬುಟ್ಟಿ ಮೇಲೆ ಬಂತು. ಕೊಳೆತ ಹೂವು. ಕಪ್ಪಾದ ತೆಂಗಿನಕಾಯಿ, ಒಡೆದರೆ ಒಳಗೆ ಹುಳ. ವಾಸನೆಗೆ ಜನ ಮೂಗು ಮುಚ್ಚಿದರು.

ಕೆಳಗಿನಿಂದ ದನಿ ಬಂತು. "ಇದು ಯಾರದು?"

ಹಾಕಿದೋರು ಒಬ್ಬರ ಬೆನ್ನ ಹಿಂದೆ ಒಬ್ಬರು ಸರಿದರು.

ಎರಡನೇ ಬುಟ್ಟಿ. ತುಪ್ಪ ಗಟ್ಟಿಯಾಗಿ ಬೂದಿ ಬಣ್ಣದ ಗಡ್ಡೆ. ಹಾಲು ಹೆಪ್ಪುಗಟ್ಟಿದ ಕೆಸರು. ಹರಕೆ ಕಟ್ಟಿದ ಬಟ್ಟೆ ಗಂಟು. ಸತ್ತ ಇಲಿ, ಅದರ ಮೇಲೆ ಮಾಸದ ಜರಿ ದಾರ.

"ಇದು ಯಾರದು?"

ಕೆಲವರು ತಮ್ಮ ಮನೆ ಗಂಟನ್ನ ಗುರುತು ಹಿಡಿದರು. ಮುಖ ತಿರುಗಿಸಿದರು.

ಬುಟ್ಟಿ ಮೇಲೆ ಬುಟ್ಟಿ ಬಂತು. ಬಳೆ ಚೂರು, ಮಣ್ಣು, ಹೂಳು, ಜೊತೆಗೆ ಉಳಿದ ಕಪ್ಪು ನೀರು ಕೊಡ ಕೊಡವಾಗಿ. ಬಾವಿ ಪಕ್ಕ ಒಂದು ದಿಬ್ಬ ಎದ್ದಿತು. ಕಡೇ ಬುಟ್ಟೀಲಿ ಬರೀ ಭರಣಿಗಳು. ಮರದ್ದು, ಕಂಚಿಂದು, ಹಿತ್ತಾಳೇದು. ಎಷ್ಟು ತಲೆಮಾರಿನ ಹೆಂಗಸರು! ಎಲ್ಲದರ ಮೇಲೆ ಒಂದು, ಇನ್ನೂ ಹೊಳಪು ಹೋಗದ್ದು. ಮುಚ್ಚಳದ ಮೇಲೆ ಗಿಳಿ.

ಓಬಯ್ಯ ಮಂಡಿ ಊರಿದ. ಮುಟ್ಟಲಿಲ್ಲ. ನೋಡಿದ ಅಷ್ಟೆ.

"ಈಗ ಇಣುಕಿ ನೋಡಿ," ಅಂದಳು ಕೆಂಚವ್ವ ಕೆಳಗಿನಿಂದ. ದನಿ ಬೇರೆ ಆಗಿತ್ತು. ಗುಡಿ ಒಳಗೆ ಮಾತಾಡೋ ಹಾಗೆ ಮೆಲ್ಲಗೆ, ಆದರೆ ಬಾವಿ ಅದನ್ನ ದೊಡ್ಡದು ಮಾಡಿ ಮೇಲಕ್ಕೆ ಕಳಿಸಿತು. "ಮಾವ, ನೀವೇ ಮೊದಲು ನೋಡಿ."

ಸೂರ್ಯ ನೆತ್ತಿಗೆ ಬಂದಿದ್ದ. ಬಿಸಿಲು ಬಾವಿಯೊಳಕ್ಕೆ ಕಂಬದ ಹಾಗೆ ಇಳಿದಿತ್ತು. ಓಬಯ್ಯ ಕಟ್ಟೆ ಹಿಡಿದು ಬಗ್ಗಿದ. ಅವನ ಹಿಂದೆ ಊರು ಬಗ್ಗಿತು.

ಏನು ಕಂಡರು?

ತಳದ ಬಂಡೇಲಿ ಒಂದು ಬಿರುಕು. ಕೈ ಹೋಗೋವಷ್ಟು. ಅದರ ಬಾಯಲ್ಲಿ ಬೆಳ್ಳನೆ ಮರಳು. ಆ ಮರಳು ಕುಣೀತಿತ್ತು. ಕಾಳು ಕಾಳಾಗಿ ಮೇಲೆ ಹಾರ್ತಿತ್ತು, ಕೆಳಗೆ ಇಳೀತಿತ್ತು, ಮತ್ತೆ ಹಾರ್ತಿತ್ತು. ಮಲಗಿದೋರ ಎದೆ ಏರಿಳಿಯೋ ಹಾಗೆ. ಅದರ ನಡುವಿಂದ ನೀರು. ಬಣ್ಣ ಇಲ್ಲ. ಸದ್ದು ಇಲ್ಲ. ಇದೆ ಅಂತ ಗೊತ್ತಾಗ್ತಿದ್ದದ್ದು ಮರಳು ನಡುಗೋದರಿಂದ ಮಾತ್ರ. ಅಷ್ಟು ಕೊಳೆಯ ಕೆಳಗೆ, ಅಷ್ಟು ಕತ್ತಲೇಲಿ, ಯಾರೂ ನೋಡದೆ ಇದ್ದಾಗಲೂ ಅದು ಬರ್ತಾನೇ ಇತ್ತು. ಒಂದು ದಿನವೂ ನಿಂತಿರಲಿಲ್ಲ.

ಒಗ್ಗರಣೆ ಮಾತು ಆಡಿದ್ದೋನು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೈಲಿ ಹಿಡಿದ. ಕಂಕುಳಲ್ಲಿದ್ದ ಕೂಸು ಕೈ ಚಾಚಿ ನಕ್ಕಿತು. ಆ ನಗು ಬಾವಿಯೊಳಗೆ ಹೋಗಿ ಸುತ್ತಿ, ಮೇಲೆ ಬಂತು.

ಕೆಂಚವ್ವ ಹತ್ತಿ ಬಂದಳು. ಮೈಯೆಲ್ಲ ಕೆಸರು. ಬೊಗಸೆ ಮಾತ್ರ ತೊಳೆದ ಹಾಗೆ.

"ಏನಂದಳೇ?" ಅಂತ ಕೇಳಿದಳು ಮಾರಜ್ಜಿ.

"ಮುನಿದಿಲ್ಲ ಅಂದಳು ಅತ್ತೆ. ಉಸಿರು ಕಟ್ಟಿತ್ತು ಅಂದಳು."

ಓಬಯ್ಯ ಎದ್ದ. ಕಟ್ಟೆ ಮೇಲಿದ್ದ ಚೊಂಬು ತಗೊಂಡ. ಕೂಸಿನ ಕಡೆ ನಡೆದ. ಚಿತ್ತಯ್ಯ ಅಡ್ಡ ಬಂದು ನಿಂತ, ಜೀವಮಾನದಲ್ಲೇ ಮೊದಲ ಸಲ. ಓಬಯ್ಯ ಅವನ ಮುಖ ನೋಡಿದ. ಚೊಂಬು ಬಗ್ಗಿಸಿ ನೀರನ್ನ ಆ ಕೊಳೆ ದಿಬ್ಬದ ಮೇಲೆ ಸುರಿದ. ಕಡೇ ಹನಿ ತನಕ.

ಆಮೇಲೆ ಕೆಂಚವ್ವನ ಹತ್ತಿರ ಬಂದ. ಊರಿಗೆ ಕೇಳದ ಹಾಗೆ ಕೇಳಿದ.

"ತಿಪ್ಪಿಗೆ ಕಡೇ ಗುಟುಕು ನಾನೇ ಬಿಟ್ಟೆ. ಈ ನೀರೇ. ಹಾಗಾದರೆ ನಾನು ಕೊಟ್ಟದ್ದು ಏನು, ತಾಯಿ?"

ಏನು ಹೇಳ್ತೀರಿ ಇಂಥ ಮಾತಿಗೆ? ನೀವಾಗಿದ್ದರೆ ಏನು ಹೇಳ್ತಿದ್ದಿರಿ? ಕೆಂಚವ್ವ ಗಿಳಿ ಭರಣಿಯನ್ನ ಅಂಗೈಯಿಂದ ಒರೆಸಿದಳು. ಅವನ ಕೈಲಿ ಇಟ್ಟಳು.

"ತಿಪ್ಪಮ್ಮತ್ತೆ ಕೇಳಿದ್ದು ನಿಮ್ಮ ಕೈಯ ನೀರು ಮಾವ. ಅದು ಅವರಿಗೆ ಸಿಕ್ಕಿತು."

ಓಬಯ್ಯ ಭರಣಿ ಹಿಡಿದು ನಿಂತ.

ಆಮೇಲೆ? ಆಮೇಲೆ ಬಾವಿಯನ್ನ ಮತ್ತೆ ಸೇದಿ ಬರಿದು ಮಾಡಿದರು. ಗೋಡೆ ಉಜ್ಜಿದರು. ಸುಣ್ಣ ಹಾಕಿದರು. ನೀರು ತಿಳಿಯಾಗೋ ತನಕ ಕಾದರು. ತಿಳಿಯಾದಮೇಲೂ ಮಕ್ಕಳಿಗೆ, ಬಾಣಂತಿಗೆ, ಕಾಯಿಲೆಯವರಿಗೆ ಕಾಯಿಸಿಯೇ ಕೊಟ್ಟರು.

ಊರ ಕಟ್ಟಳೆ ತಿರುಗಿತು. ಕರು ಹುಟ್ಟಿತಾ? ಗಿಣ್ಣ ಕರುವಿಗೆ. ಮದುವೆ ಆಯಿತಾ? ಮದುಮಕ್ಕಳು ಬಾವಿಗೆ ಏನೂ ಹಾಕೋ ಹಾಗಿಲ್ಲ, ಬೇಸಿಗೇಲಿ ಒಂದು ಬುಟ್ಟಿ ಹೂಳು ಎತ್ತಬೇಕು. ಮುತ್ತೈದೆ ಸತ್ತಳಾ? ಭರಣಿ ಮನೇಲೇ ಇರಲಿ, ಗೋಡೆ ಗೂಡಲ್ಲಿ, ಗಂಡನ ಕಣ್ಣ ಮುಂದೆ.

ಮತ್ತೆ ಒಲೆ. ಅದನ್ನ ಹೇಳದೆ ಕಥೆ ಮುಗಿಯಲ್ಲ. ಬಾವಿಯಿಂದ ಹತ್ತು ಮಾರು ದೂರ, ಬೂದಿ ಹಾರಿ ಬೀಳದ ಕಡೆ, ಮೂರು ಕಲ್ಲಿಟ್ಟು ಒಬ್ಬ ಒಲೆ ಹೂಡಿದ. ದಿನಾ ಬೆಳಿಗ್ಗೆ ದೊಡ್ಡ ಹಂಡೆ ಏರಿಸಿದ. ಯಾರ ಮನೇಲಿ ಸೌದೆ ಇಲ್ಲವೋ, ಯಾರ ಮನೇಲಿ ಒಲೆ ಹಚ್ಚೋರಿಲ್ಲವೋ ಅವರೆಲ್ಲ ಚೊಂಬು ತಂದರು. ಅವನು ತುಂಬಿ ಕೊಟ್ಟ. ಕೊಡೋವಾಗ ಒಂದೇ ಮಾತು ಹೇಳ್ತಿದ್ದ.

"ಆರಿದೆಯಾ ನೋಡ್ಕೊಂಡು ಕುಡಿಸಿ. ತಲೆ ಎತ್ತಿ ಹಿಡೀರಿ."

ಅವ್ವನ್ನ ಒಲೆಗಿಡಬಾರದು ಅಂದಿದ್ದ ಓಬಯ್ಯನೇ ಅವನು. ಹಂಡೆ ಕುದಿಯೋವಾಗ ಎದುರಿಗೆ ಕೂತು ನೋಡ್ತಿದ್ದನಂತೆ. ಆ ಬೆಳ್ಳನೆ ಮರಳು ಕುಣಿದ ಹಾಗೇ ನೀರು ಕುಣೀತಿತ್ತಂತೆ.

ಅವರ ಬಾವಿ ಅವರೂರಲ್ಲಿ ತಿಳಿಯಾಗಿ ಉಳೀತು. ನಮ್ಮ ಕಥೆ ನಮ್ಮ ಜಗಲೀಲಿ ಆರಿತು. ಹೂಂ ಅಂದೋರಿಗೆ ಪುಣ್ಯ, ತೂಕಡಿಸಿದೋರಿಗೆ ನಿದ್ದೆ. ನನ್ನ ಗಂಟಲು ಒಣಗಿದೆ, ಯಾರಾದರೂ ಒಳಗೆ ಹೋಗಿ ಒಂದು ಲೋಟ ನೀರು ತನ್ನಿ. ಕಾಯಿಸಿಟ್ಟದ್ದು ತನ್ನಿ. ಗೂಡಲ್ಲಿ ನನ್ನವಳ ಭರಣಿ ಇದೆ, ಕೈ ತಾಗೀತು, ನೋಡ್ಕೊಂಡು.