ನಿಂಬೆಗಿಡಕ್ಕೆ ಬಿಸಿಲಿಲ್ಲ ಅಂತ ದೂರು

ಅಯ್ಯೋ, ಅಲ್ಲಲ್ಲ ಮೇಸ್ತ್ರಿ! ಹಗ್ಗ ಗೋಡೆ ಬುಡದಿಂದ ಹಿಡೀರಿ, ನೆಲದಿಂದ ಅಳೀಬೇಕು, ಆ ಕಲ್ಲಿನ ಮೇಲಿಂದಲ್ಲ... ಏನು, ನಗ್ತೀರಾ? ಗೊತ್ತು ಗೊತ್ತು, ಸೆಫ್ರೂ ಊರಿನ ಗೋಡೆ ಜಗಳಕ್ಕೆಲ್ಲ ಬುಶ್ತಾ ಮೇಸ್ತ್ರಿ ಹೇಳಿದ್ದೇ ತೀರ್ಪು. ಆದ್ರೂ ನಂಗೂ ಕಣ್ಣಳತೆ ಇದೆ. ನಿಲುವಂಗಿಗೆ ರೇಷ್ಮೆ ಗುಂಡಿ ಕಟ್ಟಿ ಕಟ್ಟಿಯೇ ಈ ಯಾಮ್ನಾ ತಲೆ ಬೆಳ್ಳಗಾಗಿದ್ದು. ಮೊದ್ಲು ಚಹಾ ಕುಡೀರಿ. ಮಾಚಿಪತ್ರೆ ಹಾಕಿದೀನಿ, ಚಳಿಗೆ ಒಳ್ಳೇದು.

ನಿಯಮ ನಂಗೂ ಬರುತ್ತೆ, ಕೇಳಿ. ತೋಟದ ಗೋಡೆ ಎತ್ತರಿಸೋ ಮುಂಚೆ ಪಕ್ಕದವರ ಬಾಗಿಲು ತಟ್ಟಿ ಹೇಳಬೇಕು. ಕೆಲಸದೋರು ಏಣಿ ಹತ್ತೋ ಮುಂಚೆ "ಹತ್ತುತಿದೀವಿ, ಹೆಂಗಸರು ಒಳಗೆ ಹೋಗಿ" ಅಂತ ಕೂಗಬೇಕು. ಹೌದಾ ಇಲ್ವಾ? ...ಹ್ಞಾಂ, ಕೂಗಿದ್ರು. ಸುಳ್ಳು ಯಾಕೆ ಹೇಳ್ಲಿ. ದಿನಾ ಕೂಗಿದ್ರು. ಬಾಗಿಲೂ ತಟ್ಟಿದ್ರು. ಪಕ್ಕದ ಮನೆ ಮಹ್ಜೂಬಾ ಇದಾಳಲ್ಲ, ಅವಳ ಮಗ ಇದ್ರಿಸ್ ಬಂದಿದ್ದ. "ಚಿಕ್ಕಮ್ಮ, ಮನೆಗೆ ಹೊಸ ಸೊಸೆ ಬಂದಿದಾಳೆ, ಗೋಡೆ ಒಂದಾಳೆತ್ತರ ಮಾಡ್ತೀವಿ" ಅಂದ. ಬೇಡ ಅನ್ನೋಕಾಗುತ್ತಾ? ಕಟ್ಟಿಕೊಳ್ಳಪ್ಪ ಅಂದೆ.

ಆದ್ರೆ ಒಂದಾಳು ಅಂದ್ರೆ ಇಷ್ಟಾ! ಹೇಸರಗತ್ತೆ ಮೇಲೆ ಕೂತ ಆಳಿನೆತ್ತರ ಮಾಡಿಟ್ಟಿದಾರೆ! ಅಲ್ಲ, ಯಾರಿಂದ ಮರೆ? ಗೋಡೆ ಈ ಕಡೆ ಇರೋದು ನಾನೊಬ್ಳೆ. ಗಂಡಸು ಅಂತ ಈ ತೋಟಕ್ಕೆ ಕಾಲಿಟ್ಟಿದ್ದು ಇವತ್ತು ನೀವೇ. ಆ ಹುಡುಗಿಯನ್ನ ನಾನೇನು ಕಣ್ಣಲ್ಲೇ ತಿಂದುಬಿಡ್ತೀನಾ?

ಇರಲಿ ಬಿಡಿ. ನನ್ನ ದೂರು ಅದಲ್ಲ. ನನ್ನ ದೂರು ನಿಂಬೆಗಿಡದ್ದು. ನಮ್ಮಕ್ಕ ನೆಟ್ಟ ಗಿಡ. ಅವಳು ಹೋದ ಮೇಲೆ ಮಗು ಥರ ನೋಡ್ಕೊಂಡಿದೀನಿ. ಈಗ ಗೋಡೆ ನೆರಳು ಬಿದ್ದು ಬಿಸಿಲೇ ಇಲ್ಲ, ಸೊರಗಿ ಹೋಗ್ತಿದೆ. ಇನ್ನೊಬ್ಬರ ಗಿಡಕ್ಕೆ ತೊಂದರೆ ಕೊಡಬಾರದು ಅಂತ ನೀವೇ ಎಷ್ಟು ಮನೆಗೆ ಹೇಳಿಲ್ಲ? ಇಲ್ಲೂ ಹೇಳಿ. ಮೇಲಿನ ಮೂರು ಸಾಲು ತೆಗೆಸಿ, ಸಾಕು.

ಯಾಕೆ ಆಕಾಶ ನೋಡ್ತೀರಿ? ...ಹೌದು, ಗೋಡೆ ಉತ್ತರಕ್ಕಿದೆ. ಸೂರ್ಯ ಈ ಕಡೆ, ದಕ್ಷಿಣಕ್ಕೆ... ನೆರಳು ಅವರ ಕಡೆಗೇ ಬೀಳುತ್ತಾ? ಈಗ ಹಾಗೆ ಕಾಣುತ್ತೆ, ಮೇಸ್ತ್ರಿ. ಬೆಳಿಗ್ಗೆ ಬಂದು ನೋಡ್ಬೇಕು ನೀವು, ಬೆಳಿಗ್ಗೆ... ಆ ಕಾಯಿ ಯಾಕೆ ಮುಟ್ತೀರಿ? ಈ ಸಲ ಅದೇನೋ ಜಾಸ್ತಿ ಬಿಟ್ಟಿದೆ. ಕೊಂಬೆ ಜಗ್ಗೋ ಹಾಗೆ ಬಿಟ್ಟಿದೆ, ಹೌದು. ಒಂದೊಂದು ಸಲ ಹಾಗಾಗುತ್ತೆ...

ಸರಿ ಮೇಸ್ತ್ರಿ, ಗಿಡದ ಮಾತು ಬಿಡಿ.

ಮುಂಚೆ ಗೋಡೆ ಎದೆಮಟ್ಟ ಇತ್ತು. ನಾನಿಲ್ಲಿ ದಾರ ಹುರಿ ಮಾಡ್ತಿದ್ರೆ ಮಹ್ಜೂಬಾ ಅಲ್ಲಿ ಬಟ್ಟೆ ಹರವೋಳು. "ಯಾಮ್ನಾ, ಇವತ್ತೇನೇ ಅಡಿಗೆ?" ಅನ್ನೋಳು. ಅಷ್ಟೆ, ದೊಡ್ಡ ಮಾತೇನಿಲ್ಲ. ಬೇಳೆ ಅಂದ್ರೆ "ಮತ್ತೆ ಬೇಳೆನಾ!" ಅಂತ ಬೈಯೋಳು. ಶುಕ್ರವಾರ ಬಂದ್ರೆ ಗೋಡೆ ಮೇಲಿಂದ ಕೂಸ್‌ಕೂಸ್ ತಟ್ಟೆ. ಹೋದ ವಾರ ಜ್ವರ ಬಂದು ಮಲಗಿದ್ದೆ. ಮುಂಚೆ ಆಗಿದ್ರೆ ನಾನು ಕಾಣಲಿಲ್ಲ ಅಂತ ಅವಳು ಊರಿಗೇ ಕೇಳೋ ಹಾಗೆ ಕೂಗ್ತಿದ್ಲು. ಈ ಸಲ ಮಲಗಿದ್ದೂ ಯಾರಿಗೂ ಗೊತ್ತಿಲ್ಲ, ಎದ್ದಿದ್ದೂ ಯಾರಿಗೂ ಗೊತ್ತಿಲ್ಲ.

ಅವರ ಬಾಗಿಲಿಗೇ ಹೋಗು ಅಂತೀರಾ? ಹೋಗಿ ಏನನ್ನಲಿ? ಬಾಗಿಲಿಗೆ ಹೋದ್ರೆ ಕೂರಿಸ್ತಾರೆ, ಚಹಾ ಕೊಡ್ತಾರೆ, ಸೊಸೆ ಬಂದು ಕೈಗೆ ಮುತ್ತಿಡ್ತಾಳೆ. ನಂಟರ ಥರ ಕೂತು ಎದ್ದು ಬರಬೇಕು. ಅಡಿಗೆ ಏನು ಅಂತ ಕೇಳೋಕೆ ಯಾರಾದ್ರೂ ಚಾದರ ಹೊದ್ದು ಹೋಗ್ತಾರಾ? ಮಹ್ಜೂಬಾ ಆದ್ರೂ ಒಂದು ಸಲ ಬಂದಿದಾಳಾ? ಮನೆ ತುಂಬ ಜನ ಅವಳಿಗೆ. ನೆನಪಾಗಲಿಕ್ಕಿಲ್ಲ.

ಹಗ್ಗ ಸುತ್ತಿಡಿ. ಗೋಡೆ ಸರಿಯಾಗೇ ಕಟ್ಟಿದಾರೆ, ನಂಗೂ ಕಾಣುತ್ತೆ. ಒಂದು ಉಪಕಾರ ಮಾಡಿ ಮೇಸ್ತ್ರಿ. ಈಗ ಅವರ ಮನೆಗೂ ಹೋಗ್ತೀರಲ್ಲ, ಇದೆಲ್ಲ ಹೇಳಬೇಡಿ, ನಿಮ್ಮ ದಮ್ಮಯ್ಯ. ಯಾಮ್ನಾ ಗೋಡೆ ಒಡೆಸಿಯೇ ಬಿಡ್ತೀನಿ ಅಂತ ಕೂತಿದಾಳೆ, ಬಾಯಿಗೆ ಬಂದ ಹಾಗೆ ಬೈತಿದಾಳೆ ಅನ್ನಿ. ಮಹ್ಜೂಬಾ ಅಂಥದ್ದು ಕೇಳಿ ಸುಮ್ಮನಿರೋಳಲ್ಲ. ಜಗಳ ಆಡೋಕಾದ್ರೂ ಬರ್ತಾಳೆ.