ಗಟವಾಣಿಗೆ ಕ್ಷಮೆ

ಜೈನರು ವರ್ಷಕ್ಕೊಮ್ಮೆ ಪರಸ್ಪರ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ. ಕಾಗವಾಡದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ನೆಗೆಣ್ಣಿಯರು ನಡುವೆ ದೊಡ್ಡ ಚೀಲವೊಂದನ್ನು ಇಟ್ಟುಕೊಂಡು ಕುಳಿತಿದ್ದರು. ಹಿರಿಯಾಕೆ ಕಿರಿಯಳತ್ತ ತಿರುಗಿ ಕೈ ಮುಗಿದಳು.

“ಸುಮತಿ, ಗೊತ್ತಿದ್ದೋ ಗೊತ್ತಿಲ್ಲದನೋ ಏನರೆ ಅಂದಿದ್ರ ಕ್ಷಮಾ ಮಾಡವಾ.”

“ಗೊತ್ತಿದ್ದೇ ಅಂದೀರಿ ಅಕ್ಕಾ. ಏನೇನ ಅಂದ್ರಿ, ಹೇಳಿ ಕೇಳ್ರಿ.”

“ಗಟವಾಣಿ ಅಂದಿದ್ದೆ.”

“ಅದನ್ನ ಬಿಡ್ರಿ, ಅದು ಖರೇನ ಐತಿ. ಮತ್ತ?”

“ಬಾಯಿಬಡಕಿ.”

“ಅದನ್ನ ನಾನೂ ನಿಮಗ ಅಂದೇನಿ. ಅಲ್ಲಿಗಲ್ಲಿಗೆ ಆತು. ಮತ್ತ?”

ಹಿರಿಯಾಕೆ ಸೆರಗಿನ ತುದಿ ಹಿಂಡಿದಳು.

“ನನ್ನ ಹೊಸ್ತಿಲ ತುಳೀಬ್ಯಾಡ ಅಂದಿದ್ದೆ.”

“ಹಾಂ, ಅದು ನೋಡ್ರಿ. ಬೈದದ್ದೆಲ್ಲಾ ಮರ್ತೇನಿ. ಅದೊಂದ ಇನ್ನೂ ಎದ್ಯಾಗ ಚುಚ್ಚತೈತಿ.”

“ಇವತ್ತ ಹೊತ್ತ ಮುಳಗೂದ್ರಾಗ ಊಟಕ್ಕ ಬಾ. ಹೋಳಗಿ ಮಾಡತೇನಿ.”

“ತುಪ್ಪ ಕೈಬಿಟ್ಟ ಹಾಕತೀರೇನ?”

“ಹಾಕತೇನಿ, ಬಾ.”

ಅಥಣಿ ಬಸ್ಸು ಬಂತು. ಹಿರಿಯಾಕೆ ಜನರನ್ನು ತಳ್ಳಿಕೊಂಡು ಹತ್ತಿ ಕಿಟಕಿಯಿಂದ ಕೂಗಿದಳು.

“ಏ ಗಟವಾಣಿ, ಲಗೂನ ಹತ್ತ! ನಿನಗೂ ಜಾಗಾ ಹಿಡಿದೇನಿ!”

“ಇದರ ಕ್ಷಮಾ ಮುಂದಿನ ವರ್ಷ ಕೇಳ್ರಿ!” ಎಂದು ನಗುತ್ತ ಸುಮತಿ ನಡುವಿನ ಚೀಲವನ್ನೆತ್ತಿಕೊಂಡು ಬಸ್ಸಿಗೆ ಓಡಿದಳು.